ಮಧುನಾಶಿನಿಗೆ ನ್ಯಾನೊ ಯಾಕೆ ಬೇಡ, ಅರಿಶಿನಕ್ಕೆ ಯಾಕೆ ಬೇಕು?

ಪ್ರಶ್ನೆ: ನಾವು ಸಕಲೇಶಪುರ, ಆಲೂರು ಕಡೆಯ ಕೆಲವು ಬೆಳೆಗಾರರು ಸೇರಿ ಕಾಫಿ ತೋಟದ ಬೇಲಿಯುದ್ದಕ್ಕೂ ಮಧುನಾಶಿನಿ ಹಬ್ಬಿಸಿದ್ದೇವೆ, ಅರಿಶಿನ ಹಾಕಿದ್ದೇವೆ, ನೇರಳೆ ಬೀಜ ಒಣಗಿಸಿ ಮಾರುತ್ತೇವೆ. ಪುಡಿಯಂತ್ರ ಮಾರುವವರೊಬ್ಬರು ಬಂದು, ‘ಇದನ್ನೇ ನ್ಯಾನೊ ಮಾಡಿ, ಹತ್ತು ಪಟ್ಟು ಬೆಲೆ ಸಿಗುತ್ತದೆ, ಸಕ್ಕರೆ ಕಾಯಿಲೆಯ ಕಾಲುರಿ, ಕಿಡ್ನಿ ತೊಂದರೆ, ಕಣ್ಣಿನ ತೊಂದರೆ ಎಲ್ಲಕ್ಕೂ ಆಗುತ್ತದೆ’ ಎಂದರು. ಎಂ.ಫಾರ್ಮ ಓದುತ್ತಿರುವ ಮಗಳು ಇದನ್ನೇ ಪ್ರಾಜೆಕ್ಟ್‌ಗೆ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದಾಳೆ. ನ್ಯಾನೊ ನಿಜಕ್ಕೂ ಏನು ಮಾಡುತ್ತದೆ? ಪ್ರಯೋಗಾಲಯದಲ್ಲಿ ಹೇಗೆ ಮಾಡುತ್ತಾರೆ? ನಮ್ಮ ತಾಯಿಗೆ 14 ವರ್ಷದಿಂದ ಸಕ್ಕರೆ ಕಾಯಿಲೆ, ಅಂಗಾಲು ಉರಿ. ಅವರಿಗೆ ಅಂಗಡಿಯಲ್ಲಿ ಸಿಗುವ ‘ನ್ಯಾನೊ’ ಹನಿ ಕೊಡಬಹುದೆ?

ಉತ್ತರ: ಯಂತ್ರದ ವಿಷಯ ಮೊದಲು ಮುಗಿಸಿಬಿಡೋಣ. ಪುಡಿ ಮಾಡುವ ಯಂತ್ರದಿಂದ ಎಲೆ, ಬೇರು, ಬೀಜ ಯಾವುದೂ ನ್ಯಾನೊ ಆಗುವುದಿಲ್ಲ. ಮುಖಕ್ಕೆ ಹಚ್ಚುವ ಪೌಡರಿನಂತೆ ಕೈಗೆ ನಯವಾಗಿ ಹತ್ತುವ, 100 ಮೆಶ್ ಜರಡಿಯಲ್ಲಿ ಇಳಿದ ಪುಡಿಯಲ್ಲೂ 150 ಮೈಕ್ರಾನ್‌ವರೆಗಿನ ಕಣಗಳಿರುತ್ತವೆ, ಅಂದರೆ 1,50,000 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ). ಔಷಧ ತಯಾರಿಕೆಯಲ್ಲಿ ನ್ಯಾನೊ ಎನ್ನುವುದು ನೂರರ ಒಳಗಿನ, ಹೆಚ್ಚೆಂದರೆ ಕೆಲವು ನೂರು ನ್ಯಾನೊಮೀಟರಿನ ಕಣಕ್ಕೆ. ಗುಂಡುಗಳು ಉರುಳಿ ಅರೆಯುವ ಬಾಲ್ ಮಿಲ್‌ನಲ್ಲಿ ಗಂಟೆಗಟ್ಟಲೆ ತಿರುಗಿಸಿದರೆ ಖನಿಜ ನುಣ್ಣಗಾಗುತ್ತದೆ. ನಾರು, ಎಣ್ಣೆ ಇರುವ ಗಿಡದ ಪುಡಿ ಬಿಸಿಯಾಗಿ ಪಾತ್ರೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಆ ದುಡ್ಡು ಉಳಿಸಿಕೊಳ್ಳಿ. ಅದಕ್ಕಿಂತ ಒಳ್ಳೆಯ ಖರ್ಚು ಕೊನೆಯಲ್ಲಿ ಹೇಳುತ್ತೇನೆ.

ನ್ಯಾನೊ ಮಾಡಿದ ಮಾತ್ರಕ್ಕೆ ಗಿಡದ ಗುಣ ಹೆಚ್ಚುವುದಿಲ್ಲ. ಗಿಡದೊಳಗಿನ ಒಂದು ಅಣು ನೀರಲ್ಲಿ ಕರಗದೆಯೋ, ಕರುಳಲ್ಲಿ ಕೆಟ್ಟೋ, ಯಕೃತ್ತಿನಲ್ಲಿ ಬದಲಾಗಿಯೋ ರಕ್ತಕ್ಕೆ ಸೇರಲು ಸೋಲುತ್ತಿದ್ದರೆ ಅದನ್ನು ಹೊಳೆ ದಾಟಿಸುವ ದೋಣಿ ಅದು. ಆದ್ದರಿಂದ ಮಗಳು ಮೊದಲು ಕೇಳಿಕೊಳ್ಳಬೇಕಾದ್ದು ‘ಯಾವ ಗಿಡ?’ ಎಂದಲ್ಲ, ‘ಯಾವ ಅಣು, ಎಲ್ಲಿ ಸಿಕ್ಕಿಬಿದ್ದಿದೆ?’ ಎಂದು. ನೀವು ಬೆಳೆಯುವ ಮೂರಕ್ಕೂ ಉತ್ತರ ಬೇರೆ ಬೇರೆ.

ಮಧುನಾಶಿನಿ ಎಲೆ ಅಗಿದು ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ನೋಡಿ, ಮರಳು ಅಗಿದ ಹಾಗೆ ಇರುತ್ತದೆ. ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಿಗಳನ್ನು ಮುಚ್ಚಿಬಿಡುತ್ತವೆ. ಕರುಳಿನಲ್ಲಿ ಸಕ್ಕರೆ ಹೀರುವುದಕ್ಕೂ ಅವು ಅಡ್ಡ ಬರುತ್ತವೆಂದು ಪ್ರಯೋಗಗಳು ತೋರಿಸುತ್ತವೆ. ಇವು ನೊರೆ ಬರಿಸುವ ಸ್ಯಾಪೊನಿನ್‌ಗಳು, ಬಿಸಿನೀರಿಗೆ ಇಳಿಯುತ್ತವೆ. ಕೆಲಸ ಬಾಯಲ್ಲಿ, ಕರುಳಲ್ಲಿ. ಮದ್ದೂ ಅಲ್ಲೇ ಇದೆ. ಇದನ್ನು ನಿಧಾನವಾಗಿ ಬಿಡುವ ನ್ಯಾನೊ ಕಣದೊಳಗೆ ತುಂಬಿದರೆ ಊಟದ ಹೊತ್ತಿಗೆ ಸಿಗಬೇಕಾದ್ದು ದೊಡ್ಡ ಕರುಳಿಗೆ ಹೋದ ಮೇಲೆ ಸಿಗುತ್ತದೆ. ಬಿಸಿಲೆ ಕಾಡಿನ ಕಡೆಯವರಿಗೆ ಗೊತ್ತಿರುವ ಏಕನಾಯಕ ಬೇರಿನದೂ ಇದೇ ಕತೆ. ಅದರ ಸಲಾಸಿನಾಲ್, ಕೊಟಲನಾಲ್ ಎಂಬ ಅಣುಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಸಣ್ಣ ಕರುಳಿನ ಆಲ್ಫಾ ಗ್ಲುಕೋಸಿಡೇಸ್ ಕಿಣ್ವವನ್ನು ತಡೆಯುತ್ತವೆ, ಸಕ್ಕರೆ ಕಾಯಿಲೆಯ ಅಕಾರ್ಬೋಸ್ ಮಾತ್ರೆ ಮಾಡುವಂತೆ. ರಕ್ತಕ್ಕೆ ಹೋಗಬೇಕಾದ ಅಗತ್ಯವೇ ಇಲ್ಲ. (ಬೇರು ಅಗೆದರೆ ಬಳ್ಳಿಯೇ ಹೋಯಿತು. ಕಾಡಿನಿಂದ ತಂದ ಏಕನಾಯಕದ ಮೇಲೆ ಪ್ರಾಜೆಕ್ಟ್ ಮಾಡುವುದು ಬೇಡ.)

ಅರಿಶಿನ ಇದಕ್ಕೆ ತದ್ವಿರುದ್ಧ. ಒಣಗಿದ ಕೊಂಬಿನಲ್ಲಿ ಶೇ 2ರಿಂದ 5ರಷ್ಟು ಕರ್ಕ್ಯುಮಿನ್ ಗುಂಪಿನ ಅಣುಗಳಿರುತ್ತವೆ. ನೀರಿಗೆ ಹಾಕಿ ಕಲಕಿದರೆ ತಳಕ್ಕೆ ಕೂರುತ್ತದೆ, ಕರಗುವುದಿಲ್ಲ. ಕರುಳಿನಂಥ ತಟಸ್ಥ ದ್ರಾವಣದಲ್ಲಿ ಬೇಗ ಒಡೆಯುತ್ತದೆ. 37 ಡಿಗ್ರಿ, ಪಿಎಚ್ (ಹುಳಿ–ಕ್ಷಾರದ ಅಳತೆ) 7.2ರಲ್ಲೇ ನಿಲ್ಲುವ ಬರೀ ಬಫರ್‌ನಲ್ಲಿ ಅರ್ಧ ಗಂಟೆಯಲ್ಲಿ ಶೇ 90ರಷ್ಟು ಹೋಗಿಬಿಡುತ್ತದೆ. ಅಷ್ಟಾಗಿಯೂ ಒಳಹೊಕ್ಕಿದ್ದನ್ನು ಕರುಳಿನ ಗೋಡೆ ಮತ್ತು ಯಕೃತ್ತು ಸೇರಿ ಬದಲಾಯಿಸಿ ಹೊರಹಾಕುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಲೆಕ್ಕಕ್ಕೆ ಬಾರದಷ್ಟು. ಜೊತೆಗೆ ಮೆಣಸಿನ ಪೈಪರಿನ್ 20 ಮಿ.ಗ್ರಾಂ ಸೇರಿಸಿದಾಗ ಲಭ್ಯತೆ ಶೇ 2000ರಷ್ಟು ಏರಿತು. ದೋಣಿ ಬೇಕಾಗಿರುವುದು ಇಂಥ ಅಣುವಿಗೆ. ಮರದರಿಶಿನದ ಬರ್ಬೆರಿನ್ ಕೂಡ ಇದೇ ಜಾತಿಯದು, ಬಾಯಿಂದ ಕೊಟ್ಟದ್ದರಲ್ಲಿ ಶೇ 1 ಕೂಡ ರಕ್ತಕ್ಕೆ ಸೇರುವುದಿಲ್ಲ. ಆದರೆ ಆ ಬಳ್ಳಿ ಪಶ್ಚಿಮ ಘಟ್ಟದಲ್ಲಿ ಅಳಿವಿನ ಅಂಚಿನಲ್ಲಿದೆ. ಮುಟ್ಟಬೇಡಿ.

ನೇರಳೆ ಬೀಜ ನಡುವಿನದು. ಅದರಲ್ಲಿರುವ ಗ್ಯಾಲಿಕ್ ಆಮ್ಲ ಸುಲಭವಾಗಿ ಕರಗುತ್ತದೆ, ಎಲಾಜಿಕ್ ಆಮ್ಲ ಕರಗುವುದಿಲ್ಲ. ಎಲಾಜಿಕ್ ಆಮ್ಲವನ್ನು ಕರುಳಿನ ಬ್ಯಾಕ್ಟೀರಿಯಾಗಳೇ ಯುರೋಲಿಥಿನ್ ಆಗಿ ಬದಲಾಯಿಸುತ್ತವೆ, ರಕ್ತಕ್ಕೆ ಹೋಗುವುದು ಹೆಚ್ಚಾಗಿ ಅದೇ. ಹೀಗಿರುವಾಗ ‘ನೇರಳೆ ಬೀಜದ ಇಡೀ ಸಾರವನ್ನು ನ್ಯಾನೊ ಮಾಡಿದೆವು’ ಎಂದರೆ ಒಳಗೆ ಏನು ಹೋಯಿತು, ಏನು ಹೊರಗುಳಿಯಿತು ಎಂದು ಯಾರೂ ಹೇಳಲಾರರು. ಎಂ.ಫಾರ್ಮ ಮಟ್ಟಕ್ಕೆ ಅರಿಶಿನ ಸಾಕು, ಅದರಲ್ಲೇ ಬೇಕಾದಷ್ಟು ತಲೆನೋವಿದೆ.

ಇನ್ನು ಕಾಲುರಿ, ಕಿಡ್ನಿ, ಕಣ್ಣು ಎಂದು ಸಕ್ಕರೆ ಕಾಯಿಲೆಯಿಂದ ಬರುವ ‘ತೊಡಕು’ಗಳ ಮಾತು. ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡದ ಸೋಸುಗುಚ್ಛ, ನರ: ಈ ಮೂರು ಕಡೆಯ ಜೀವಕೋಶಗಳಿಗೆ ರಕ್ತದಲ್ಲಿ ಸಕ್ಕರೆ ಏರಿದಾಗ ಬಾಗಿಲು ಹಾಕಿಕೊಳ್ಳಲು ಬರುವುದಿಲ್ಲ. ಒಳನುಗ್ಗಿದ ಗ್ಲುಕೋಸ್ ಅಲ್ಡೋಸ್ ರಿಡಕ್ಟೇಸ್ ಕಿಣ್ವದ ದಾರಿಯಲ್ಲಿ ಸಾರ್ಬಿಟಾಲ್ ಆಗುತ್ತದೆ, ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಬಿರುಸುಗೊಳಿಸುತ್ತದೆ, ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕದ ಉರಿಕಣಗಳನ್ನು ಹೆಚ್ಚಿಸುತ್ತದೆ. ಈ ದಾರಿಗಳೆಲ್ಲ ಒಂದೇ ಬುಡದಿಂದ ಹೊರಟಿವೆ ಎಂಬ ವಿವರಣೆಯನ್ನು ಮಧುಮೇಹ ಸಂಶೋಧಕ ಮೈಕೆಲ್ ಬ್ರೌನ್ಲೀ 2001ರಲ್ಲಿ ಮುಂದಿಟ್ಟರು. ಕರ್ಕ್ಯುಮಿನ್ ಈ ಉರಿ ಮತ್ತು ಉರಿಯೂತವನ್ನು ಜೀವಕೋಶಗಳಲ್ಲಿ, ಇಲಿಗಳಲ್ಲಿ ತಗ್ಗಿಸುತ್ತದೆ. ಮನುಷ್ಯರಲ್ಲಿ? 2019ರಲ್ಲಿ ಇರಾನಿನಿಂದ ಬಂದ ಒಂದು ಅಧ್ಯಯನದಲ್ಲಿ ನರಹಾನಿಯಿದ್ದ 80 ಮಧುಮೇಹಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 80 ಮಿ.ಗ್ರಾಂ ನ್ಯಾನೊ ಕರ್ಕ್ಯುಮಿನ್, ಇನ್ನೊಂದಕ್ಕೆ ಮದ್ದಿಲ್ಲದ ಬರೀ ಸಪ್ಪೆ ಕ್ಯಾಪ್ಸೂಲ್ 8 ವಾರ ಕೊಟ್ಟರು. ಮೊದಲ ಗುಂಪಿನಲ್ಲಿ ಲಕ್ಷಣಗಳ ಅಂಕ ಇಳಿಯಿತು. ಕೇಳಲು ಚೆನ್ನಾಗಿದೆ. ಆದರೆ ಸಣ್ಣ ಗುಂಪು, ಎರಡೇ ತಿಂಗಳು, ಹೋಲಿಸಿದ್ದು ಸಪ್ಪೆ ಕ್ಯಾಪ್ಸೂಲಿಗೆ, ನ್ಯಾನೊ ಅಲ್ಲದ ಕರ್ಕ್ಯುಮಿನ್‌ಗೆ ಅಲ್ಲ. ಇನ್ನೊಂದು ಕಡೆ, 2012ರ ಥಾಯ್ಲೆಂಡ್ ಅಧ್ಯಯನದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 240 ಜನರಲ್ಲಿ 9 ತಿಂಗಳು ಕರ್ಕ್ಯುಮಿನ್ ತೆಗೆದುಕೊಂಡ ಗುಂಪಿನ ಯಾರಿಗೂ ಕಾಯಿಲೆ ಬರಲಿಲ್ಲ, ಸಪ್ಪೆ ಮದ್ದಿನ ಗುಂಪಿನಲ್ಲಿ ಶೇ 16.4 ಮಂದಿಗೆ ಬಂತು. ಆ ಕ್ಯಾಪ್ಸೂಲ್ ನ್ಯಾನೊ ಆಗಿರಲಿಲ್ಲ! ನ್ಯಾನೊ ಹೆಸರಲ್ಲಿ ಬರುವ ಯಾವ ಪ್ರಬಂಧ ಓದುವಾಗಲೂ ಈ ಹೋಲಿಕೆ ಯಾವುದಕ್ಕೆ ಮಾಡಿದ್ದಾರೆ ಎಂದು ಮೊದಲು ನೋಡಲು ಮಗಳಿಗೆ ಹೇಳಿ.

ಬಾಯಿಂದ ಕೊಟ್ಟ ನ್ಯಾನೊ ಕಣ ನೇರವಾಗಿ ಹೋಗಿ ಕಿಡ್ನಿಯಲ್ಲೋ ಕಣ್ಣಲ್ಲೋ ಕೂರುತ್ತದೆ ಎಂಬ ಚಿತ್ರ ಜಾಹೀರಾತಿನದು. ಬಹುಪಾಲು ಕಣಗಳು ಕರುಳಲ್ಲೇ ಬಿಚ್ಚಿಕೊಳ್ಳುತ್ತವೆ, ರಕ್ತಕ್ಕೆ ಹೋಗುವುದು ಬಿಡುಗಡೆಯಾದ ಅಣು. ಸೂಜಿಯಲ್ಲಿ ಕೊಟ್ಟರೂ ಹೆಚ್ಚಿನ ಕಣಗಳನ್ನು ಯಕೃತ್ತು, ಗುಲ್ಮ (ಸ್ಪ್ಲೀನ್) ಹಿಡಿದುಕೊಳ್ಳುತ್ತವೆ. ಅಕ್ಷಿಪಟಲಕ್ಕೆ ಕಣ್ಣಹನಿಯಿಂದ ತಲುಪುವುದೂ ಕಷ್ಟ, ಹಾಕಿದ ಹನಿಯಲ್ಲಿ ಕಣ್ಣೊಳಗೆ ಸೇರುವುದೇ ಶೇ 5ಕ್ಕಿಂತ ಕಡಿಮೆ.

ಮಗಳ ಮಾರ್ಗದರ್ಶಕರು ಬಹುಶಃ ಇನ್ನೊಂದು ಸಲಹೆ ಕೊಡುತ್ತಾರೆ: ‘ಎಲೆಯ ಸಾರದಿಂದ ಬೆಳ್ಳಿ ನ್ಯಾನೊ ಮಾಡು, ಸುಲಭ.’ ಸುಲಭವೇ. 10 ಗ್ರಾಂ ಎಲೆಯನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಲ್ಲಿ ಕಾಯಿಸಿ ಸೋಸಿ, ಒಂದು ಪಾಲು ಸಾರಕ್ಕೆ ಒಂಬತ್ತು ಪಾಲು 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ ಸೇರಿಸಿದರೆ ದ್ರಾವಣ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, 400ರಿಂದ 450 ನ್ಯಾನೊಮೀಟರಿನ ನಡುವೆ ಬೆಳಕು ಹೀರುವ ಶಿಖರ ಕಾಣುತ್ತದೆ. ಇಲ್ಲಿ ಗಿಡದ ಸಾರ ಬೆಳ್ಳಿಯನ್ನು ಲೋಹವಾಗಿಸುವ ಕೆಲಸದಾಳು; ಕೈಗೆ ಬರುವುದು ಬೆಳ್ಳಿ, ಮಧುನಾಶಿನಿ ಅಲ್ಲ. ಬೆಳ್ಳಿ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ ನಿಜ, ಆದರೆ ದಿನವೂ ಬಾಯಿಂದ ಕೊಟ್ಟರೆ ಯಕೃತ್ತು, ಗುಲ್ಮದಲ್ಲಿ ಕೂಡಿಕೊಳ್ಳುತ್ತದೆ. ಕಿಡ್ನಿ ಸೋತವರಿಗೆ ಲೋಹದ ಕಣ ಕುಡಿಸುವ ಯೋಚನೆಯೇ ಬೇಡ. ಹುಣ್ಣಿಗೆ ಹಚ್ಚಲು ಆಗಬಹುದಲ್ಲ ಎಂದರೆ, ಮಧುಮೇಹದ ಪಾದ ಕುರಿತ ಅಂತರರಾಷ್ಟ್ರೀಯ ಕಾರ್ಯತಂಡ 2019ರ ಮಾರ್ಗಸೂಚಿಯಲ್ಲಿ, ಹುಣ್ಣು ಬೇಗ ಮಾಯಲಿ ಎಂಬ ಒಂದೇ ಉದ್ದೇಶಕ್ಕೆ ಸೂಕ್ಷ್ಮಾಣುನಾಶಕ ಪಟ್ಟಿಗಳನ್ನು ಬಳಸಬೇಡಿ ಎಂದೇ ಹೇಳಿದೆ. ನನ್ನ ಅಭಿಪ್ರಾಯ ಕೇಳುವುದಾದರೆ ಗಿಡದ ಸಾರದಿಂದ ಮಾಡುವ ಈ ‘ಹಸಿರು’ ಬೆಳ್ಳಿಯ ಪ್ರಬಂಧಗಳು ಸಾಕಷ್ಟು ಆಗಿವೆ, ಇನ್ನೊಂದು ಬೇಡ.

ಸಣ್ಣ ಪ್ರಯೋಗಾಲಯದಲ್ಲಿ ಆಗುವಂಥದ್ದು ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಎಂಬ ವಸ್ತುವಿನ ಕಣ. ಮ್ಯಾಗ್ನೆಟಿಕ್ ಸ್ಟರರ್, ಪಿಎಚ್ ಮೀಟರ್, ಒಳ್ಳೆಯ ತಕ್ಕಡಿ ಇದ್ದರೆ ಸಾಕು. ತತ್ವ ಇಷ್ಟೇ: ಕೈಟೋಸಾನ್ ಸರಪಳಿಗೆ ಆಮ್ಲದಲ್ಲಿ ಧನ ವಿದ್ಯುದಂಶ, ಸೋಡಿಯಂ ಟ್ರೈಪಾಲಿಫಾಸ್ಫೇಟ್‌ಗೆ, ಅಂದರೆ ಟಿಪಿಪಿಗೆ, ಋಣ. ಎರಡೂ ಸೇರಿದಾಗ ಸರಪಳಿ ಮುದುಡಿ ಉಂಡೆಯಾಗುತ್ತದೆ, ಕರ್ಕ್ಯುಮಿನ್ ಕಡುಬಿನ ಹೂರಣದಂತೆ ಒಳಗೆ ಸಿಗುತ್ತದೆ.

ಕಡಿಮೆ ಅಣುತೂಕದ, ಶೇ 75ರಿಂದ 85 ಡಿಅಸಿಟೈಲೇಷನ್ (ಅಸಿಟೈಲ್ ಗುಂಪು ಕಳೆದ ಪ್ರಮಾಣ) ಇರುವ ಕೈಟೋಸಾನ್ 80 ಮಿ.ಗ್ರಾಂ ತೂಗಿ, ಶೇ 1ರ ಅಸಿಟಿಕ್ ಆಮ್ಲ 40 ಮಿ.ಲೀ.ಗೆ ಹಾಕಿ ರಾತ್ರಿಯಿಡೀ ತಿರುಗಲು ಬಿಡಿ. ‘ಎರಡು ಗಂಟೆಯಲ್ಲಿ ಕರಗಿತು’ ಎಂದು ಕಣ್ಣಿಗೆ ಕಂಡರೂ ಜೆಲ್ಲಿಯಂಥ ತುಣುಕುಗಳು ಉಳಿದಿರುತ್ತವೆ, ಮಾರನೆಯ ದಿನದ ಕಣದ ಅಳತೆ ಕೆಡಿಸುವುದು ಅವೇ. ಬೆಳಿಗ್ಗೆ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಟ್ಟು ಪಿಎಚ್ 4.8ರ ಸುತ್ತ ತನ್ನಿ. 5.5 ದಾಟಿಸಬೇಡಿ. 6.5 ಹತ್ತಿರ ಹೋದರೆ ಕೈಟೋಸಾನ್ ವಿದ್ಯುದಂಶ ಕಳೆದುಕೊಂಡು ಒಡೆದ ಹಾಲಿನಂತೆ ಗರಣೆಗಟ್ಟುತ್ತದೆ. ಕರಗದ್ದನ್ನು ನೀರಿನೊಂದಿಗೆ ಬೆರೆಯುವಂತೆ ಮಾಡುವ ಟ್ವೀನ್ 80ನ್ನು ಶೇ 0.2ರಷ್ಟು ಬೆರೆಸಿ. 10 ಮಿ.ಗ್ರಾಂ ಕರ್ಕ್ಯುಮಿನನ್ನು 4 ಮಿ.ಲೀ. ಎಥನಾಲ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಪೂರ್ತಿ ಕರಗಿಸಿ, ಬೀಕರಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ (ಬೆಳಕಿಗೆ ಕೆಡುತ್ತದೆ), ತಿರುಗುತ್ತಿರುವ ಕೈಟೋಸಾನ್‌ಗೆ ಸಿರಿಂಜಿನಿಂದ ನಿಧಾನವಾಗಿ ಬಿಡಿ. ಆಮೇಲೆ 1 ಮಿ.ಲೀ.ಗೆ 1 ಮಿ.ಗ್ರಾಂನಂತೆ ಮಾಡಿಟ್ಟುಕೊಂಡ ಟಿಪಿಪಿ ದ್ರಾವಣ 16 ಮಿ.ಲೀ.ಯನ್ನು 700 ಆರ್‌ಪಿಎಂ ತಿರುಗುವಿಕೆಯಲ್ಲಿ, ಕೋಣೆಯ ಉಷ್ಣದಲ್ಲಿ, 20 ನಿಮಿಷಕ್ಕೆ ಹರಡಿ ಹನಿಸಿ. ಕೈಟೋಸಾನ್‌, ಟಿಪಿಪಿ ತೂಕದ ಪ್ರಮಾಣ 5ಕ್ಕೆ 1 ಆಯಿತು.

ಈ 20 ನಿಮಿಷ ಬೀಕರಿನಿಂದ ಕಣ್ಣು ತೆಗೆಯಬಾರದು. ಮೊದಲು ತಿಳಿಹಳದಿ ಪಾನಕದಂತಿರುತ್ತದೆ. ಸುಮಾರು ಅರ್ಧ ಟಿಪಿಪಿ ಹೋದ ಮೇಲೆ ಮಂಜು ಕವಿದಂತೆ ಮಸುಕಾಗುತ್ತದೆ, ಟಾರ್ಚ್ ಬೆಳಕು ಹಾಯಿಸಿದರೆ ಅದರ ದಾರಿ ದ್ರಾವಣದೊಳಗೆ ಗೆರೆಯಾಗಿ ಕಾಣುತ್ತದೆ. ಅದೇ ಹದ. ಮಸುಕು ಬಾರದೆ ತಿಳಿಯಾಗಿಯೇ ಉಳಿದರೆ ಕಣ ಆಗಿಲ್ಲ, ಟಿಪಿಪಿ ಸಾಲದು ಅಥವಾ ಹಳೆಯದು. ಬೆಳ್ಳಗೆ ಹಾಲಿನಂತಾಗಿ ಗೋಡೆಯಲ್ಲಿ ಪದರ ಕಟ್ಟಿದರೆ ಟಿಪಿಪಿ ಹೆಚ್ಚಾಗಿದೆ, ಬೇಗ ಸುರಿದಿದ್ದೀರಿ ಅಥವಾ ಪಿಎಚ್ ಏರಿದೆ. ಹಳದಿ ಸೂಜಿಯಂಥ ಹರಳು ತಳದಲ್ಲಿ ಮಿಂಚಿದರೆ ಕರ್ಕ್ಯುಮಿನ್ ಕಣದೊಳಗೆ ಹೋಗದೆ ಹೊರಗೆ ಹೆಪ್ಪುಗಟ್ಟಿದೆ. ಈ ಕೊನೆಯದೇ ಎಲ್ಲಕ್ಕಿಂತ ಮೋಸದ್ದು, ಯಾಕೆಂದರೆ ಅದು ಫಲಿತಾಂಶವನ್ನು ಕೆಡಿಸುವುದಿಲ್ಲ, ಚೆಂದ ಮಾಡುತ್ತದೆ. ಎಷ್ಟು ಕರ್ಕ್ಯುಮಿನ್ ಕಣದೊಳಗೆ ಸೇರಿತು ಎಂದು ಲೆಕ್ಕ ಹಾಕುವುದು ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರಿನಲ್ಲಿ ಉಳಿದದ್ದನ್ನು 425 ನ್ಯಾನೊಮೀಟರಿನ ಬೆಳಕಿನಲ್ಲಿ ಅಳೆದು. ಆದರೆ ಕರಗದ ಹರಳೂ ಕಣಗಳ ಜೊತೆ ತಳಕ್ಕೆ ಕೂತಿರುತ್ತದೆ! ಮೇಲಿನ ನೀರು ತಿಳಿ, ‘ಶೇ 96 ಸೇರಿತು’ ಎಂದು ಪ್ರಬಂಧ ಬರೆದಾಯಿತು. ಇದಕ್ಕೆ ಮದ್ದು: ಮೊದಲು 3000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ ಹರಳನ್ನು ಕೆಳಗಿಳಿಸಿ ಬೇರೆ ಮಾಡಿ, ಅದನ್ನೂ ಎಥನಾಲಿನಲ್ಲಿ ಕರಗಿಸಿ ಅಳೆಯಿರಿ, ಆಮೇಲೆ ಮೇಲಿನದನ್ನು ಹೆಚ್ಚಿನ ವೇಗದಲ್ಲಿ ತಿರುಗಿಸಿ ಕಣಗಳನ್ನು ಹಿಡಿಯಿರಿ. ಕಣಗಳನ್ನೂ ಒಡೆದು ಒಳಗಿನದನ್ನು ನೇರವಾಗಿ ಅಳೆದು, ಹರಳು, ಕಣ, ಮೇಲಿನ ನೀರು ಈ ಮೂರರ ಮೊತ್ತ ಹಾಕಿದ 10 ಮಿ.ಗ್ರಾಂಗೆ ಹತ್ತಿರ ಬರುತ್ತದೆಯೇ ನೋಡಿ. ಬರದಿದ್ದರೆ ಎಲ್ಲೋ ಸೋರಿದೆ.

ಲೆಕ್ಕ ಇಲ್ಲೇ ಇನ್ನೊಂದು ಮಾಡಿಬಿಡಿ. 10 ಮಿ.ಗ್ರಾಂನಲ್ಲಿ 8 ಒಳಗೆ ಹೋಯಿತೆನ್ನಿ. ಒಟ್ಟು ಕಣದ ತೂಕ 80 ಕೈಟೋಸಾನ್, 16 ಟಿಪಿಪಿ, 8 ಕರ್ಕ್ಯುಮಿನ್ ಸೇರಿ 104. ಅಂದರೆ ತೂಕದ ಶೇ 7.7 ಮಾತ್ರ ಮದ್ದು. 500 ಮಿ.ಗ್ರಾಂ ಕರ್ಕ್ಯುಮಿನ್ ಕೊಡಬೇಕಾದರೆ ಆರೂವರೆ ಗ್ರಾಂ ಕಣ, ಅಂದರೆ ದೊಡ್ಡ ಕ್ಯಾಪ್ಸೂಲ್ ಹದಿಮೂರು! ಹೀರಿಕೆ ನಿಜಕ್ಕೂ ಹತ್ತು ಪಟ್ಟು ಏರಿದರೆ 50 ಮಿ.ಗ್ರಾಂ ಸಾಕು, ಆಗ ಒಂದೋ ಎರಡೋ ಕ್ಯಾಪ್ಸೂಲಿಗೆ ಇಳಿಯುತ್ತದೆ. ಏರದಿದ್ದರೆ ಇದು ಸಿಗಡಿ ಚಿಪ್ಪಿನ ಪುಡಿ ಮಾರುವ ವ್ಯಾಪಾರ. (ಕೈಟೋಸಾನ್ ಸಾಮಾನ್ಯವಾಗಿ ಸಿಗಡಿ, ಏಡಿ ಚಿಪ್ಪಿನದು. ಸಸ್ಯಾಹಾರಿಗಳಿಗೆ, ಸಿಗಡಿ ಅಲರ್ಜಿ ಇರುವವರಿಗೆ ಹೇಳಲೇಬೇಕು.)

ಒಣಗಿಸುವಾಗ ಹಾಗೇ ಫ್ರೀಜ್ ಡ್ರೈಯರ್‌ಗೆ ಇಟ್ಟರೆ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯಂತೆ ಬರುತ್ತವೆ, ಮತ್ತೆ ನೀರಲ್ಲಿ ಬಿಡಿಸಿಕೊಳ್ಳುವುದಿಲ್ಲ. ಹೆಪ್ಪುಗಟ್ಟಿಸುವ ಮೊದಲು ಟ್ರೆಹಲೋಸ್ ಎಂಬ ಸಕ್ಕರೆಯನ್ನು ಶೇ 5ರಷ್ಟು ಸೇರಿಸಿ. ಒಣಗಿಸುವ ಮುಂಚೆ, ಒಣಗಿಸಿ ಮತ್ತೆ ಕರಡಿದ ಮೇಲೆ ಎರಡೂ ಸಲ ಕಣದ ಅಳತೆ ತೆಗೆಸಿ. ಬೆಳಕು ಚದುರಿಸುವ ಡಿಎಲ್‌ಎಸ್ ಯಂತ್ರದಲ್ಲಿ ಅಳತೆಯ ಏರುಪೇರು ಸೂಚ್ಯಂಕ 0.3ರ ಒಳಗಿದ್ದರೆ ಒಳ್ಳೆಯದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದೇ ಕಣ ಚಿಕ್ಕದಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ಅದು ಒಣಗಿ ಮುದುಡಿರುತ್ತದೆ. ಎರಡು ಅಂಕಿ ಹೊಂದಲಿಲ್ಲವೆಂದು ಗಾಬರಿ ಬೇಡ. ಈ ಯಂತ್ರಗಳು ಹಾಸನದಲ್ಲಿ ಸಿಗದಿದ್ದರೆ ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನ ಭವನ, ಬೆಂಗಳೂರಿನ ಸಂಸ್ಥೆಗಳಲ್ಲಿ ವಿಚಾರಿಸಬಹುದು. ಬಸ್ಸಿನಲ್ಲಿ ಒಯ್ಯುವಾಗ ಒಣಪುಡಿ ಒಯ್ಯಿರಿ, ದ್ರಾವಣ ಬೇಡ.

ಕಣದಿಂದ ಮದ್ದು ಎಷ್ಟು ಬೇಗ ಹೊರಬರುತ್ತದೆ ಎಂದು ನೋಡುವ ಬಿಡುಗಡೆಯ ಪರೀಕ್ಷೆಯಲ್ಲಿ ಒಂದು ಹಳೆಯ ಗುಂಡಿ ಇದೆ. ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿ ಕಣ ಹಾಕಿ ಬರೀ ಫಾಸ್ಫೇಟ್ ಬಫರಿನಲ್ಲಿ ಅದ್ದಿ 48 ಗಂಟೆಯಲ್ಲಿ ಶೇ 20 ಮಾತ್ರ ಬಂತು, ‘ನಿಧಾನ ಬಿಡುಗಡೆ’ ಎಂದು ಬರೆಯುತ್ತಾರೆ. ಬಫರಿನಲ್ಲಿ ಕರ್ಕ್ಯುಮಿನ್ ಕರಗುವುದೇ ಇಲ್ಲ, ಬಂದದ್ದೂ ಅಲ್ಲೇ ಒಡೆದುಹೋಗುತ್ತದೆ. ಹೊರಗಿನ ದ್ರಾವಣಕ್ಕೆ ಟ್ವೀನ್ 80 ಶೇ 0.5ರಿಂದ 1 ಸೇರಿಸಿ, ಪಕ್ಕದಲ್ಲಿ ಕಣವಿಲ್ಲದ ಬರೀ ಕರ್ಕ್ಯುಮಿನ್ ಚೀಲವೊಂದನ್ನೂ ಇಡಿ. ಅದೂ ನಿಧಾನವಾಗಿಯೇ ಬಂದರೆ ನಿಧಾನ ಮಾಡಿದ್ದು ಚೀಲ, ನಿಮ್ಮ ಕಣ ಅಲ್ಲ.

ಕಿಣ್ವದ ಪರೀಕ್ಷೆಗಳಲ್ಲಿ ಬಣ್ಣ ಮೋಸ ಮಾಡುತ್ತದೆ. ಆಲ್ಫಾ ಗ್ಲುಕೋಸಿಡೇಸ್ ಪರೀಕ್ಷೆಯಲ್ಲಿ ಹಳದಿ ಪಿ-ನೈಟ್ರೋಫೀನಾಲನ್ನು 405 ನ್ಯಾನೊಮೀಟರಿನ ಬೆಳಕಿನಲ್ಲಿ ಅಳೆಯುತ್ತಾರೆ. ಕರ್ಕ್ಯುಮಿನ್ ಕೂಡ ಅಲ್ಲೇ ಹೀರುತ್ತದೆ, ಬೆಳ್ಳಿ ಕಣವೂ ಅಲ್ಲೇ. ಆಲ್ಫಾ ಅಮೈಲೇಸ್‌ನ ಡಿಎನ್‌ಎಸ್ ಪರೀಕ್ಷೆಯಲ್ಲಿ ಗಿಡದ ಸಾರದೊಳಗಿನ ಸಕ್ಕರೆಯೇ 540ರಲ್ಲಿ ಬಣ್ಣ ಕೊಡುತ್ತದೆ. ಜೀವಕೋಶ ಬದುಕಿದೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆಯಲ್ಲಿ ಪಾಲಿಫೀನಾಲ್‌ಗಳು ಕೋಶವೇ ಇಲ್ಲದ ಬಾವಿಯಲ್ಲೂ (ಪರೀಕ್ಷಾ ತಟ್ಟೆಯ ಗುಳಿಯಲ್ಲೂ) ನೇರಳೆ ಬಣ್ಣ ಬರಿಸಬಲ್ಲವು. ಪ್ರತಿಯೊಂದಕ್ಕೂ ಕಿಣ್ವ ಬಿಟ್ಟು, ಕೋಶ ಬಿಟ್ಟು ಒಂದು ಸಾಲು ಹಾಕಿ ಕಳೆಯಬೇಕು. ಹೆಚ್ಚು ಗ್ಲುಕೋಸ್‌ನಲ್ಲಿ ಕೋಶ ಬೆಳೆಸುವಾಗ 30 ಮಿಲಿಮೋಲಾರ್ ಗ್ಲುಕೋಸಿನ ಪಕ್ಕ 5.5 ಗ್ಲುಕೋಸ್ ಜೊತೆ 24.5 ಮ್ಯಾನಿಟಾಲ್ ಇರುವ ಬಾವಿ ಇರಲಿ. ಇಲ್ಲದಿದ್ದರೆ ಕೋಶ ಸೊರಗಿದ್ದು ಸಕ್ಕರೆಯಿಂದಲೋ ದ್ರಾವಣದ ಗಾಢತೆಯಿಂದಲೋ ಗೊತ್ತಾಗದು.

ಇಲಿಗಳವರೆಗೆ ಹೋಗುವುದಾದರೆ ಕಾಲೇಜಿನ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲು. ಇಲಿಗಳಲ್ಲಿ ಸಕ್ಕರೆ ಕಾಯಿಲೆ ಬರಿಸುವ ಸ್ಟ್ರೆಪ್ಟೊಜೊಟೊಸಿನ್ನನ್ನು ತಣ್ಣಗಿನ, ಪಿಎಚ್ 4.5ರ ಸಿಟ್ರೇಟ್ ಬಫರಿನಲ್ಲಿ ಆಗಿಂದಾಗ ಕಲಸಿ ಹತ್ತು ಹದಿನೈದು ನಿಮಿಷದಲ್ಲಿ ಕೊಟ್ಟು ಮುಗಿಸಬೇಕು, ತಡವಾದರೆ ಕೊನೆಯ ಇಲಿಗಳಿಗೆ ಕಾಯಿಲೆಯೇ ಬರುವುದಿಲ್ಲ. 72 ಗಂಟೆಯ ಮೇಲೆ ರಕ್ತದ ಸಕ್ಕರೆ 250 ಮಿ.ಗ್ರಾಂ ದಾಟಿದವನ್ನು ಮಾತ್ರ ಆರಿಸಿ. 21 ದಿನ ಮದ್ದು ಕೊಟ್ಟು ‘ಕಿಡ್ನಿ ತೊಡಕಿಗೆ ಪರಿಹಾರ’ ಎಂದು ಬರೆಯುವಂತಿಲ್ಲ, ತೊಡಕು ಮೂಡುವುದಕ್ಕೇ 8ರಿಂದ 12 ವಾರ ಬೇಕು. ಗುಂಪುಗಳಲ್ಲಿ ಮೂರು ಬಿಡಬಾರದು: ಅದೇ ಪ್ರಮಾಣದ ಬರೀ ಕರ್ಕ್ಯುಮಿನ್, ಕರ್ಕ್ಯುಮಿನ್ ಇಲ್ಲದ ಖಾಲಿ ಕಣ, ಮತ್ತು ಕರ್ಕ್ಯುಮಿನ್–ಪೈಪರಿನ್ ಜೋಡಿ. ಖಾಲಿ ಕೈಟೋಸಾನ್ ತಾನೇ ಕೊಬ್ಬನ್ನು ಹಿಡಿಯುತ್ತದೆ, ಅದರ ಪುಣ್ಯ ಅರಿಶಿನದ ಖಾತೆಗೆ ಹೋಗಬಾರದು. ಪೈಪರಿನ್ ಜೋಡಿ ಯಾಕೆಂದರೆ, ನಾಲ್ಕು ಕಾಳು ಮೆಣಸು ಮಾಡುವ ಕೆಲಸಕ್ಕಿಂತ ನಿಮ್ಮ ಕಣ ಹೆಚ್ಚೇನು ಮಾಡಿತು ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ, ಮಲೆನಾಡಿನವರಂತೂ ಕೇಳಲೇಬೇಕು.

ಈಗ ತಾಯಿಯ ವಿಷಯ. ಹನಿ ಬೇಡ. ಹೀರಿಕೆ ಏರಿಸಿದ ಅರಿಶಿನ ಅಡುಗೆಯ ಅರಿಶಿನವಲ್ಲ. ಅಮೆರಿಕದ ಔಷಧಜನ್ಯ ಯಕೃತ್ತು ಹಾನಿ ಅಧ್ಯಯನ ಜಾಲವು 2022ರಲ್ಲಿ ಅರಿಶಿನ ಪೂರಕಗಳಿಂದ ಆದ ಯಕೃತ್ತಿನ ಹಾನಿಯ ಪ್ರಕರಣಗಳನ್ನು ವರದಿ ಮಾಡಿತು. ಕೆಲವದರಲ್ಲಿ ಮೆಣಸಿನ ಸಾರ ಇತ್ತು, ಬಹುಪಾಲು ರೋಗಿಗಳಲ್ಲಿ ಒಂದು ನಿರ್ದಿಷ್ಟ ವಂಶವಾಹಿ ಇತ್ತು. ಇಷ್ಟು ದಿನ ಕೆಟ್ಟ ಹೀರಿಕೆಯೇ ನಮ್ಮನ್ನು ಕಾಯುತ್ತಿತ್ತು ಎಂದೂ ಹೇಳಬಹುದು. ಮೇಲಾಗಿ ‘ಗಿಡಮೂಲಿಕೆ’ ಎಂದು ಮಾರುವ ಸಕ್ಕರೆ ಮದ್ದುಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯ ಮದ್ದನ್ನು ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಈಗಾಗಲೇ ಮಾತ್ರೆ ನುಂಗುತ್ತಿರುವ ವಯಸ್ಸಾದವರಿಗೆ ಅದು ಸೇರಿದರೆ ರಾತ್ರಿ ಸಕ್ಕರೆ ಕುಸಿಯುತ್ತದೆ. ಅಂಗಾಲು ಉರಿಗೆ ಮೊದಲು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಅದು ಕುಸಿಯಬಹುದು, ಉರಿ ಅದರಿಂದಲೂ ಬರುತ್ತದೆ, ಚುಚ್ಚುಮದ್ದಿನಿಂದ ಸರಿಹೋಗಬಹುದು. ಜೊತೆಗೆ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ (ಗ್ರಾಂಗೆ 30 ಮಿ.ಗ್ರಾಂ ಒಳಗಿರಬೇಕು), ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರೀಕ್ಷೆ, ಪಾದಕ್ಕೆ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯ ಸ್ಪರ್ಶ ಪರೀಕ್ಷೆ. ಆ ಎಳೆ ತಾಗಿದ್ದು ಗೊತ್ತಾಗದಿದ್ದರೆ ಇನ್ನು ಅಂಗಳದಲ್ಲೂ ಬರಿಗಾಲು ಬೇಡ, ಬಿಸಿನೀರಿಗೆ ಕಾಲಿಡುವ ಮುನ್ನ ಬೇರೆಯವರ ಮೊಣಕೈ ಮುಟ್ಟಿ ನೋಡಲಿ.

ನಿಮ್ಮ ಗುಂಪಿಗೆ ಕಾನೂನಿನ ಎರಡು ಮಾತು. ಮಧುಮೇಹ ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯಡಿ ಅಪರಾಧ, ಚೀಟಿಯಲ್ಲಿ ಬರೆದರೂ ಅಷ್ಟೇ. ನ್ಯಾನೊ ಔಷಧಗಳಿಗೆ 2019ರಲ್ಲಿ ಕೇಂದ್ರ ಸರ್ಕಾರ ಬೇರೆಯದೇ ಮಾರ್ಗಸೂಚಿ ಹೊರಡಿಸಿದೆ. ಗಿಡದ ಸಾರವನ್ನು ಶುದ್ಧಗೊಳಿಸಿ ಆಧುನಿಕ ಔಷಧವಾಗಿ ಮಾರಬೇಕಾದರೆ 2015ರ ನಿಯಮದಂತೆ ಕನಿಷ್ಠ ನಾಲ್ಕು ಸಂಯುಕ್ತಗಳನ್ನು ಗುರುತಿಸಿ ಅಳೆದು ತೋರಿಸಬೇಕು. ಇವು ಬೆಳೆಗಾರರ ಗುಂಪು ಒಬ್ಬಂಟಿಯಾಗಿ ಹೊರುವ ಹೊರೆಗಳಲ್ಲ.

ನೀವು ಹೊರಬಹುದಾದ್ದು ಒಣಗಿಸುವಿಕೆ, ಕೊಳ್ಳುವವರು ದುಡ್ಡು ಕೊಡುವುದೂ ಅದಕ್ಕೇ. ನೇರಳೆ ಹಣ್ಣಾಗುವುದು ಜೂನ್ ಸುತ್ತ, ಅರಸೀಕೆರೆ ಕಡೆ ಬಿಸಿಲು ಸಿಕ್ಕೀತು, ಸಕಲೇಶಪುರದಲ್ಲಿ ಮಳೆ ಹಿಡಿದಿರುತ್ತದೆ. ತಿರುಳು ಅಂಟಿದ ಬೀಜವನ್ನು ಜಗಲಿಯಲ್ಲಿ ಹರವಿದರೆ ಎರಡನೇ ದಿನಕ್ಕೆ ಬೂಸ್ಟು, ಬೂಸ್ಟಿನ ವಿಷವಾದ ಅಫ್ಲಟಾಕ್ಸಿನ್ ಪರೀಕ್ಷೆಯಲ್ಲಿ ಇಡೀ ಲಾಟು ವಾಪಸ್. ಕಾಫಿ ಹಣ್ಣು ತೊಳೆಯುವಂತೆ ಅದೇ ದಿನ ತೊಳೆದು ತಿರುಳು ಪೂರ್ತಿ ತೆಗೆದು, ಬೀಜ ಎರಡು ಹೋಳು ಮಾಡಿ, 45 ಡಿಗ್ರಿಯ ಟ್ರೇ ಡ್ರೈಯರಿನಲ್ಲಿ ತೇವಾಂಶ ಶೇ 8ಕ್ಕೆ ಇಳಿಸಿ. ಮಧುನಾಶಿನಿ ಎಲೆ ಹೂಬಿಡುವ ಹೊತ್ತಿಗೆ ಕೊಯ್ದು ನೆರಳಲ್ಲಿ, ಮುರಿದರೆ ಚಟ್ ಎನ್ನುವವರೆಗೆ ಒಣಗಿಸಿ. ಅರಿಶಿನ ಬೇಯಿಸುವಾಗ ಕಡ್ಡಿ ಚುಚ್ಚಿದರೆ ಇಳಿಯುವ ಹದಕ್ಕೇ ನಿಲ್ಲಿಸಿ, ಹೆಚ್ಚು ಬೆಂದರೆ ಬಣ್ಣ ಕಂದುತ್ತದೆ. ಪ್ರತಿ ಲಾಟಿಗೆ ಕೊಯ್ದ ತಾರೀಖು, ತೋಟ, ತೇವಾಂಶ ಬರೆದ ಚೀಟಿ, ಮತ್ತು ವರ್ಷಕ್ಕೆ ಎರಡು ಸಲ ಕರ್ಕ್ಯುಮಿನ್, ಜಿಮ್ನೆಮಿಕ್ ಆಮ್ಲದ ಶೇಕಡಾವಾರು ಪರೀಕ್ಷೆ. ಪುಡಿಯಂತ್ರಕ್ಕೆ ಹಾಕಬೇಕೆಂದಿದ್ದ ದುಡ್ಡಿನಲ್ಲಿ ಒಂದು ಟ್ರೇ ಡ್ರೈಯರ್, ಒಂದು ತೇವಾಂಶ ಮಾಪಕ ಬರುತ್ತದೆಯೇ ಎಂದು ವಿಚಾರಿಸಿ. ಮಗಳ ಪ್ರಾಜೆಕ್ಟ್‌ಗೆ ಬೇಕಾದ ಅರಿಶಿನವೂ ಅದೇ ಲಾಟಿನದಿರಲಿ, ಶೇಕಡಾವಾರು ಗೊತ್ತಿರುವಂಥದ್ದು.